ಗೋಡೆಯಲ್ಲಿ ಇಲ್ಲದ ನಳ

ಹೈದರಾಬಾದಿನಿಂದ ಮಸ್ಕಿಗೆ ಮರಳಿದ ಮರುದಿನ ಬೆಳಿಗ್ಗೆ ನನ್ನಾಕೆ ಖಾಲಿ ಕೊಡವನ್ನು ಬಚ್ಚಲ ಮೂಲೆಯಲ್ಲಿಟ್ಟು, ಗೋಡೆಗೆ ಕೈ ಚಾಚಿ ನಳ ತಿರುವುವಂತೆ ಬೆರಳು ತಿರುವಿದಳು. ಅಲ್ಲಿದ್ದದ್ದು ಬರೀ ಮಣ್ಣಿನ ಗೋಡೆ. ತಪ್ಪು ಗೊತ್ತಾಗಿ ತಾನೇ ನಕ್ಕಳು. ಬಾವಿಯ ಹಗ್ಗ ಹೆಗಲಿಗೆ ಹಾಕಿಕೊಂಡು ನಿಂತಿದ್ದ ನನಗೆ ಮೈ ಉರಿಯಿತು.

ಆಕೆಗೆ ರಟ್ಟೆ ನೋವು ಶುರುವಾಗಿ ಹದಿನೆಂಟು ವರ್ಷ. ಅಂದಿನಿಂದ ಈ ಮನೆಗೆ ನೀರು ಸೇದುವವನು ನಾನೇ. ಓಣಿಯ ಗಂಡಸರು ನಕ್ಕರೂ ಬಿಟ್ಟವನಲ್ಲ. ಈ ಚಳಿಗಾಲ ಕಳೆಯಲು ಹೈದರಾಬಾದಿನ ಮಗಳ ಮನೆಗೆ ಹೋದೆವು. ಅಳಿಯ ಅಲ್ಲಿ ಸರ್ಕಾರಿ ದಫ್ತರಿನಲ್ಲಿ ಗುಮಾಸ್ತ. ಅವರ ಬಚ್ಚಲಿನ ಹಿತ್ತಾಳೆ ನಳ ಮೊದಲ ದಿನವೇ ನನ್ನ ಕೆಲಸ ಕಸಿದುಕೊಂಡಿತು. ಎರಡು ತಿಂಗಳು ಆಕೆ ನೀರಿಗೆಂದು ನನ್ನನ್ನು ಒಮ್ಮೆಯೂ ಕರೆಯಲಿಲ್ಲ. ಬೆಳಗಾದರೆ ಆ ನಳವನ್ನು ಸೆರಗಿನಿಂದ ಒರೆಸಿ ಹೊಳೆಯಿಸುತ್ತಿದ್ದಳು. ಚಾರ್ ಮಿನಾರ್ ನೋಡಿದಾಗಲೂ ಆಕೆ ಅಷ್ಟು ಹಿಗ್ಗಿರಲಿಲ್ಲ.

“ಅಷ್ಟ ಚಂದ ಇತ್ತೇನ ಆ ನಳ?” ಎಂದು ಕೇಳಿಯೇಬಿಟ್ಟೆ.

“ಚಂದ ಅಂತಲ್ಲ. ನೀರು ಕೊಡೂವಾಗ ಅದು ನಿಮ್ಮಂಗ ಗೊಣಗತಿದ್ದಿಲ್ರೀ,” ಎಂದಳು.

ಅಂದಿನಿಂದ ತುಟಿ ಬಿಚ್ಚದೆ ನೀರು ಸೇದುತ್ತಿದ್ದೇನೆ. ಆಕೆ ಏಳುವ ಮೊದಲೇ ಕೊಡಗಳು ತುಂಬಿರುತ್ತವೆ. ಆದರೂ ಕೈ ತೊಳೆಯುವಾಗ ಆಕೆಯ ಕಣ್ಣು ಆ ಗೋಡೆಯ ಕಡೆಗೇ ಹೋಗುತ್ತದೆ. ನಿನ್ನೆ ತಡೆಯಲಾರದೆ, ಆ ಗೋಡೆ ಕಾಣದಂತೆ ತಲೆಮಟ್ಟಕ್ಕೆ ಕಟ್ಟಿಗೆ ಒಟ್ಟಿಬಿಟ್ಟೆ.