ಮೂರು ತಿಂಗಳ ಚಕ್ರವರ್ತಿಯ ಮೂಗು

ಅರಬ್ಬರ ಈ ದ್ವೀಪದ ಸನದ್ ಪೇಟೆಯಲ್ಲಿ ನಾನೂ ನನ್ನ ಪಾಲುದಾರನೂ ನಡೆಸುವ ಬೆಳ್ಳಿ ರಿಪೇರಿ ಅಂಗಡಿಗೆ ಅನ್ನ ಹಾಕುವುದು ತೈಲ ಕಾರ್ಖಾನೆಗಳಿರುವ ಸಿತ್ರಾ ಕಡೆಯ ಗಾಳಿ. ಉಪ್ಪು, ಹೊಗೆ ಬೆರೆತ ಆ ಗಾಳಿಗೆ ಮನೆಮನೆಯ ಬೆಳ್ಳಿ ಬೇಗ ಕಪ್ಪಾಗುತ್ತದೆ. ಜನ ಗೆಜ್ಜೆ, ತಟ್ಟೆ, ಧೂಪದಾನಿ ಹಿಡಿದು ಬರುತ್ತಾರೆ.

ಉಡುಪಿಯಲ್ಲಿ ಅಪ್ಪ ನನಗೆ ಮೊದಲು ಕಲಿಸಿದ್ದು ಒಂದೇ ಮಾತು: ಯಾವ ಕೆಲಸಕ್ಕೇ ಬಂದಿರಲಿ, ಬೆಳ್ಳಿ ಅಕ್ಕಸಾಲಿಯ ಕೈಯಿಂದ ಕಪ್ಪಾಗಿ ವಾಪಸ್ ಹೋಗಬಾರದು. ಕೊಂಡಿ ಹಾಕಲು ಕೊಟ್ಟರೂ ಮೊದಲು ತೊಳೆಯಬೇಕು, ಅದಕ್ಕೆ ಮಜೂರಿ ಕೇಳಬಾರದು. ನಾನು ಈ ಮಾತನ್ನು ಒಮ್ಮೆಯೂ ತಪ್ಪಿಲ್ಲ. ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು!

ಬುದಯ್ಯ ಎಂಬ ಊರಿನ ಅಜ್ಜಿಯೊಬ್ಬರು ಬಂದದ್ದು ಹೋದ ವರ್ಷ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದಿತ್ತು. ಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದ ಗಂಡ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಅವರು ಬಿಟ್ಟುಹೋದ ಒಂದು ಕರಿ ನಾಣ್ಯವನ್ನು ಅಜ್ಜಿ ನನ್ನ ಅಂಗೈಗಿಟ್ಟು, ನನ್ನದೇ ಹೆಬ್ಬೆರಳು ಹಿಡಿದು ಅದರ ಮೇಲೆ ಓಡಿಸಿದರು.

"ಇದರ್ ನಾಕ್. ಇದರ್ ಬಾಲ್," ಎಂದರು ಅರಬ್ಬಿ ಎಳೆತದ ಹಿಂದಿಯಲ್ಲಿ. ಇಲ್ಲಿ ಮೂಗು, ಇಲ್ಲಿ ಕೂದಲು.

ಅದು ರೋಮಿನ ಒಬ್ಬ ಚಕ್ರವರ್ತಿಯ ಬೆಳ್ಳಿ ನಾಣ್ಯ. ಮಹಾರಾಯ ಆಳಿದ್ದೇ ಮೂರು ತಿಂಗಳು. ಬೋಳುತಲೆಗೆ ವಿಗ್ ಹಾಕುತ್ತಿದ್ದನಂತೆ. ನಾಣ್ಯದಲ್ಲೂ ಅದರ ಸುರುಳಿಗಳು ಸಾಲಾಗಿದ್ದವು. ಯುದ್ಧದಲ್ಲಿ ಸೋತಾಗ, ತನಗಾಗಿ ಇನ್ನಷ್ಟು ಜನ ಸಾಯುವುದು ಬೇಡವೆಂದು ತಾನೇ ಇರಿದುಕೊಂಡು ಸತ್ತನಂತೆ. ಅವನ ದಿನಗಳೇ ಕಡಿಮೆ, ಹಾಗಾಗಿ ಅವನ ನಾಣ್ಯಗಳೂ ಕಡಿಮೆ. ಅಜ್ಜಿಯ ಕಣ್ಣು ಹೋದ ಮೇಲೆ ಗಂಡ ದಿನಾ ಸಂಜೆ ಈ ಮೂಗಿನ ಮೇಲೆ ಹೆಂಡತಿಯ ಬೆರಳಿಟ್ಟು ಅದೇ ಕಥೆ ಹೇಳುತ್ತಿದ್ದರಂತೆ. ಈಗ ಅದನ್ನು ಕೊರಳಿಗೆ ಹಾಕಿಕೊಳ್ಳಲು ಸುತ್ತ ಒಂದು ಕಟ್ಟು ಬೇಕಿತ್ತು, ಅಷ್ಟೇ.

ಇಂಥ ವಸ್ತುವನ್ನು ಕಪ್ಪಾಗಿಯೇ ಕೊಡುವುದೇ? ಬಿಸಿ ಆಸಿಡ್ಡಿನಲ್ಲಿ ಅದ್ದಿದೆ, ಅಂಟುವಾಳದ ನೊರೆಯಲ್ಲಿ ಕುದಿಸಿದೆ, ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿದೆ. ಕಪ್ಪಿನ ಕೆಳಗೆ ಮುಖವಿದೆ ಎಂದುಕೊಂಡಿದ್ದೆ. ಮುಖ ಇದ್ದದ್ದು ಆ ಕಪ್ಪಿನಲ್ಲೇ. ಎಷ್ಟೋ ಶತಮಾನ ಮಣ್ಣಿನಲ್ಲಿದ್ದ ಬೆಳ್ಳಿಯ ಮೈಯೇ ಹಕ್ಕಳೆಯಾಗಿತ್ತು. ಅದು ಎದ್ದು ಬಂತು, ಜೊತೆಗೆ ಮೂಗು, ತುಟಿ, ವಿಗ್ಗು ಎಲ್ಲವೂ.

ನನ್ನ ಪಾಲುದಾರ ಇಣುಕಿ ನೋಡಿದ. "ಎಂತ ಮಾರಾಯಾ ಇದು? ಮೋರೆ ಎಲ್ಲುಂಟು?"

ಆ ಚಕ್ರವರ್ತಿ ಆಳಿದ್ದು ಮೂರು ತಿಂಗಳು, ಅವನ ಮುಖ ಬಾಳಿದ್ದು ಎರಡು ಸಾವಿರ ವರ್ಷ. ಅದನ್ನು ಅಳಿಸಲು ನಾನು ತೆಗೆದುಕೊಂಡದ್ದು ಅರ್ಧ ಗಂಟೆ.

ಅಜ್ಜಿ ಬಂದಾಗ ಕೈಗಿಟ್ಟೆ. ಹೆಬ್ಬೆರಳು ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು.

"ನಾಕ್ ಕಿದರ್?"

ತೊಳೆದೆ ಎಂದೆ. ತಪ್ಪಾಯಿತು ಎಂದೆ. ಅವರು ನಾಣ್ಯವನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. "ಯೇ ಮೇರಾ ವಾಲಾ ನಹೀ. ಮೇರಾ ವಾಲಾ ದೇ ದೋ, ಭಾಯಿ."

ಇದು ತನ್ನದಲ್ಲ, ತನ್ನದನ್ನು ಕೊಡು ಎನ್ನುತ್ತಿದ್ದರು; ನಾನು ನಾಣ್ಯ ಬದಲಾಯಿಸಿದ್ದೇನೆ ಎಂದುಕೊಂಡಿದ್ದರು. ನಮ್ಮ ಕಸುಬಿನ ಮೇಲೆ ಈ ಗುಮಾನಿ ಹೊಸದೇನಲ್ಲ. ಅದು ಸೋಕದಂತೆ ಅಪ್ಪ ಜೀವಮಾನವಿಡೀ ಬದುಕಿದ್ದರು. ಬೈದಿದ್ದರೆ, ಪೊಲೀಸರನ್ನು ಕರೆದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಹುಡುಕಿಡು, ಮತ್ತೆ ಬರುತ್ತೇನೆ ಎಂದು ಹೇಳಿ, ಗೋಡೆ ಸವರಿಕೊಂಡು ಹೊರಟುಹೋದರು.

ಆಮೇಲೆ ನಾನು ಹುಚ್ಚನ ಹಾಗೆ ಒಂದು ಕೆಲಸ ಮಾಡಿದೆ. ನಾಣ್ಯವನ್ನು ಸಿತ್ರಾ ಕಡೆಯ ಕಿಟಕಿಯಲ್ಲಿಟ್ಟೆ. ಜೀವನವೆಲ್ಲ ಯಾವುದನ್ನು ತಿಕ್ಕಿ ಕಳೆದಿದ್ದೆನೋ ಆ ಕಪ್ಪಿಗಾಗಿಯೇ ದಿನಾ ಕಾದೆ. ನಾಣ್ಯ ಕಂದಿತು, ಮತ್ತೆ ಕಪ್ಪಾಯಿತು. ಬೆಳಕಿಗೆ ಓರೆಯಾಗಿ ಹಿಡಿದರೆ ಏನೋ ಕಂಡಂತಾಗುತ್ತಿತ್ತು. ಬೆರಳಿಟ್ಟರೆ ಏನೂ ಇರುತ್ತಿರಲಿಲ್ಲ.

ಹೋದ ವಾರ ಅಜ್ಜಿ ಮತ್ತೆ ಬಂದರು. "ಮಿಲಾ?" ಎನ್ನುತ್ತ ಅಂಗೈ ಚಾಚಿದರು. ನಾನು ಹೇಡಿ. ಸಿಕ್ಕಿತು ಎಂದು ಹೇಳಿ ಆ ಮುಖವಿಲ್ಲದ ನಾಣ್ಯವನ್ನೇ ಇಟ್ಟೆ.

ಅವರ ಮುಖ ಅರಳಿತು. ಹೆಬ್ಬೆರಳು ಮೂಗು ಹುಡುಕಲು ಹೊರಟಿತು.