ಎಂಬತ್ತಕ್ಕೆ ನಡುಗುವ ಟ್ಯಾಕ್ಸಿ

ತೀರಿಕೊಳ್ಳುವ ಹಿಂದಿನ ದಿನ ಕೊರ್ತಾಲಿಮ್‌ನ ಮೆಕ್ಯಾನಿಕ್ ಕಾಕಾ ನನ್ನ ಟ್ಯಾಕ್ಸಿ ಹತ್ತಿ, ನಡುಕ ಎಲ್ಲಿಂದ ಬರುತ್ತದೆಂದು ತಿಳಿಯಲು ಎಂದಿನಂತೆ ಚಪ್ಪಲಿ ಕಳಚಿ ಬರಿಗಾಲು ಊರಿ ಕೂತರು. ಹೈವೇಯಲ್ಲಿ ಎಂಬತ್ತು ದಾಟಿದೊಡನೆ ಸ್ಟೀರಿಂಗ್ ನಡುಗಿತು. ಪ್ರಯಾಣಿಕರು ಇದಕ್ಕೆ ಹೆದರಿ, ವಿಮಾನ ನಿಲ್ದಾಣದ ಬಾಡಿಗೆಗಳು ಕೈತಪ್ಪುತ್ತಿದ್ದವು.

"ಸೀಟು ನಡಗವಲ್ದು, ಹಿಂದಿನ ಗಾಲಿ ಚಲೋ ಅದಾವ. ಮುಂದಿಂದ ಕೆಟ್ಟೈತಿ. ಎಲ್ಲಿ ತಗ್ಗಿನ್ಯಾಗ ಹೊಡದಿ?"

"ಇಲ್ರಿ ಕಾಕಾ."

"ಗಾಡಿ ಸುಳ್ಳ ಹೇಳೂದಿಲ್ಲ ತಮ್ಮಾ, ಡ್ರೈವರ್ ಹೇಳ್ತಾನ."

ಎಲ್ಲರಿಗೂ ಅದೇ ಮಾತು. ಒಮ್ಮೆ ಪಾದ್ರಿಗೂ ಅಂದಿದ್ದರು.

ಗ್ಯಾರೇಜಿನಲ್ಲಿ ನೋಡಿದರೆ, ಮುಂದಿನ ಎಡಗಾಲಿಯ ತೂಕ ಸರಿದೂಗಿಸಲು ಹೊಡೆದಿದ್ದ ಸೀಸದ ತುಂಡು ಉದುರಿಹೋಗಿತ್ತು.

"ನಾಳಿ ಬಾ, ಹಾಕೂಣು. ಅಲ್ಲೀತನಕ ಎಮ್ಮಿ ಹೊಡಕೊಂಡು ಹೋದಂಗ ಹೋಗು."

ಮರುದಿನ ಬೆಳಗಾಗುವಷ್ಟರಲ್ಲಿ ಎದೆನೋವು ಅವರನ್ನು ಒಯ್ದಿತ್ತು. ಎರಡು ತಿಂಗಳಾಯಿತು. ಬೇರೆ ಗ್ಯಾರೇಜಿಗೆ ಹೋಗಲು ಮನಸ್ಸಿಲ್ಲದೆ ಎಪ್ಪತ್ತರೊಳಗೇ ಓಡಿಸುತ್ತಿದ್ದೇನೆ. ಎಡಗಾಲಿಗೆ ಸೀಸದ ತುಂಡು ಇನ್ನೂ ಇಲ್ಲ.