ಕವರಿಲ್ಲದ ಸೊಳ್ಳೆಪರದೆ

ಚರಂಡಿ ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಆ ಹೆಂಗಸನ್ನು ಹೆಸರು ಹಿಡಿದು ಕರೆದವರಿಲ್ಲ. ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ ಎಂದು ಎಲ್ಲರಿಗೂ ಅವಳು ಕತ್ತರಿಯಕ್ಕ. ಮನೆಯೆಂದರೆ ಒಂದೇ ಕೋಣೆ. ಬಾಗಿಲ ಬೆಳಕಿಗೆ ಹೊಲಿಗೆ ಮಷಿನ್, ಹಿಂದಿನ ಗೋಡೆಗೆ ಒಲೆ, ನಡುವೆ ಉಳಿದ ನೆಲದಲ್ಲಿ ಊಟ, ನಿದ್ದೆ, ಜಗಳ ಎಲ್ಲವೂ. ಅಳಿಯ ದೂರದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದರಿಂದ ಬಸುರಿ ಮಗಳು ಆ ಮಳೆಗಾಲ ಇಲ್ಲಿಯೇ ಇದ್ದಳು. ಕತ್ತರಿಯಕ್ಕನಿಗೆ ಇದ್ದದ್ದು ಒಂದೇ ಭಯ. ಹಿಂದಿನ ವರ್ಷ ಪಕ್ಕದ ಮನೆಯ ಸೊಸೆ ಚಳಿಜ್ವರದಲ್ಲಿ ನಡುಗಿ ನಡುಗಿ ಹೊಟ್ಟೆಯ ಕೂಸನ್ನು ಕಳೆದುಕೊಂಡಿದ್ದಳು. ಮಗಳಿಗೆ ಹೆರಿಗೆಯಾಗುವವರೆಗೆ ಒಂದು ಸೊಳ್ಳೆಯೂ ಕಚ್ಚಬಾರದು.

ಮಳೆ ಶುರುವಾಗುವ ಮೊದಲು ಆರೋಗ್ಯ ಕೇಂದ್ರದಲ್ಲಿ ಮನೆಗೆರಡು ಸೊಳ್ಳೆಪರದೆ ಪುಕ್ಕಟೆಯಾಗಿ ಕೊಟ್ಟಿದ್ದರು. ಹೇಗೆ ಕಟ್ಟಬೇಕೆಂದು ತೋರಿಸಲು ಕೇಂದ್ರದ ಮೂಲೆಯಲ್ಲಿ ಒಂದು ಖಾಲಿ ಮಂಚದ ಮೇಲೂ ಒಂದನ್ನು ಕಟ್ಟಿದ್ದರು. ನೋಡಿದರೆ ರಾಜಕುಮಾರಿ ಮಲಗುವ ಹಾಗಿತ್ತು. ಆದರೆ ಓಣಿಯಲ್ಲಿ ಮಂಚ ಯಾರಿಗಿತ್ತು? ತಂದೆ, ತಾಯಿ, ಮಕ್ಕಳು, ಅಜ್ಜಿ ಎಲ್ಲ ನೆಲದ ಮೇಲೆ ಸಾಲಾಗಿ ಮಲಗುವವರು. ತಲೆಗೆ ಎಳೆದರೆ ಕಾಲು ಹೊರಗೆ, ಅಜ್ಜಿಗೆ ಎಳೆದರೆ ಮೊಮ್ಮಗ ಹೊರಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಪರದೆ ಇದ್ದಷ್ಟು ಮಕ್ಕಳನ್ನು ಹೆರಬೇಕಿತ್ತು ಎಂದು ಅಜ್ಜಿಯೊಬ್ಬಳು ಬೈದುಕೊಂಡಳಂತೆ.

ಹೆಂಗಸರೆಲ್ಲ ಪರದೆ ಹೊತ್ತು ಕತ್ತರಿಯಕ್ಕನ ಬಾಗಿಲಿಗೆ ಬಂದರು. ಎರಡರ ಒಂದೊಂದು ಬದಿ ಕತ್ತರಿಸಿ, ಜೋಡಿಸಿ, ಇಡೀ ಸಂಸಾರ ಹಿಡಿಸುವಂಥ ಒಂದು ಪರದೆ ಮಾಡಿಕೊಟ್ಟಳು. ಆದರೆ ಅವಳದೊಂದು ಪದ್ಧತಿ ಇತ್ತು, ತಾಯಿಯಿಂದ ಕಲಿತದ್ದು: ಹೊಸ ಬಟ್ಟೆಯನ್ನು ಸೋಡಾ ಹಾಕಿ ಕುದಿಸದೆ ಮಷಿನ್ನಿಗೆ ಕೊಡಬಾರದು. ಆಮೇಲೆ ಕುಗ್ಗಿದರೆ ಹೊಲಿಗೆ ಸುಕ್ಕಾಗಿ ಕೆಟ್ಟ ಹೆಸರು ಹೊಲಿದವಳಿಗೇ. ಈ ಪರದೆಗಳಿಗಂತೂ ಏನೋ ಘಾಟು, ಮುಟ್ಟಿದರೆ ಬೆರಳು ಉರಿಯುತ್ತಿತ್ತು. ಹಂಡೆಯಲ್ಲಿ ಚೆನ್ನಾಗಿ ಕುದಿಸಿ, ಬಿರುಬಿಸಿಲಲ್ಲಿ ಒಣಗಿಸಿದಳು. ಘಾಟೆಲ್ಲ ಹೋಯಿತು. ಓಣಿಯವರು ಕೊಂಡಾಡಿದರು.

ಮಳೆ ಹಿಡಿದ ಮೇಲೆ ಜ್ವರವೂ ಹಿಡಿಯಿತು. ಎದುರು ಮನೆಯ ಇಬ್ಬರು ಮಕ್ಕಳು ಮಲಗಿದರು, ಆಮೇಲೆ ಅವರ ತಾಯಿ. ಪರದೆಯ ಬಲೆಗೇ ಅಂಟಿ ಕುಳಿತು, ಯಾರಾದರೂ ಮಗ್ಗುಲಾಗಿ ಮೈ ತಾಗಿಸಿದರೆ ಸಾಕು ಎಂದು ಸೊಳ್ಳೆಗಳು ಕಾಯುತ್ತಿದ್ದವು.

ಆಗ ಜನ ಪರದೆ ಬಳಸುತ್ತಿದ್ದಾರೋ ಇಲ್ಲವೋ ಎಂದು ನೋಡಲು ಸರ್ವೆಯವರು ಬಂದರು. ಒಳಗೆ ಕಟ್ಟಿದ್ದ ಜೋಡಿ ಪರದೆಯನ್ನು ನೋಡಲಿಲ್ಲ. ಉಳಿದ ತುಂಡೊಂದನ್ನು ಕತ್ತರಿಯಕ್ಕ ನೀರಿನ ಕೊಡಕ್ಕೆ ಮುಚ್ಚಿದ್ದಳು, ಅದರ ಫೋಟೋ ಹೊಡೆದುಕೊಂಡು ಹೋದರು.

ಸ್ವಲ್ಪ ದಿನಕ್ಕೆ ಕೇಂದ್ರದಲ್ಲಿ ಸಭೆ ಸೇರಿತು. ಬಂದವರಲ್ಲಿ ಒಬ್ಬರು ಪರದೆ ಹಂಚುವ ಯೋಜನೆಯ ಸಾಹೇಬರು, ಇನ್ನೊಬ್ಬರು ಕನ್ನಡಕದ ಮೇಡಂ. ಗೋಡೆಯ ಮೇಲೆ ಚಿತ್ರ ಬಿಟ್ಟರೆ, ಅಲ್ಲಿ ಕತ್ತರಿಯಕ್ಕನ ಕೊಡ! ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಜನ, ಕೊಟ್ಟದ್ದನ್ನು ಕತ್ತರಿಸಿ ಕೊಡಕ್ಕೆ ಮುಚ್ಚುತ್ತಾರೆ, ಇನ್ನು ಮೇಲೆ ಅರ್ಧ ಬೆಲೆ ಇಡೋಣ, ದುಡ್ಡು ಕೊಟ್ಟವನಿಗೆ ಬೆಲೆ ತಿಳಿಯುತ್ತದೆ ಎಂದರು ಸಾಹೇಬರು. ಬೆಲೆಯಿಟ್ಟರೆ ಬಡವರು ಕೊಳ್ಳುವುದೇ ಇಲ್ಲ ಎಂದರು ಮೇಡಂ. ಆ ದೇಶದಲ್ಲಿ ಹೀಗಾಯಿತು, ಈ ದೇಶದಲ್ಲಿ ಹಾಗಾಯಿತು ಎಂದು ಇಬ್ಬರೂ ಹಗ್ಗ ಜಗ್ಗಿದರು. ಎದುರಿಗೇ ಕುಳಿತ ಓಣಿಯವರನ್ನು ಇಬ್ಬರೂ ಒಂದು ಮಾತು ಕೇಳಲಿಲ್ಲ. ಸತ್ತವರ ಆಸ್ತಿ ಹಂಚುವವರ ಹಾಗೆ ಮಾತಾಡುತ್ತಿದ್ದರು.

ಕತ್ತರಿಯಕ್ಕ ಎದ್ದು ನಿಂತಳು.

"ಆ ಕೊಡ ನಂದು ಸಾರ್. ಅದರ ಮೇಲಿರೋದು ಚೂರು. ಪರದೆ ಮನೇಲಿದೆ, ನನ್ನ ಬಸುರಿ ಮಗಳು ಅದರೊಳಗೆ ಮಲಗ್ತಾಳೆ. ಬಂದು ನೋಡಿ."

ಜೋಡಿಸಿದ್ದು, ಕುದಿಸಿದ್ದು ಎಲ್ಲ ಹೇಳಿದಳು. ಕುದಿಸಿದ್ದು ಎಂದ ಕೂಡಲೇ ಮೇಡಂ ನಡುವೆ ಬಾಯಿ ಹಾಕಿದರು.

"ಅಯ್ಯೋ ಅಮ್ಮಾ, ಆ ಬಲೆಗೆ ಔಷಧಿ ಹಚ್ಚಿರ್ತಾರೆ. ಸೊಳ್ಳೆ ಕೂತರೆ ಸಾಯೋದೇ ಅದರಿಂದ. ಕುದಿಸಿದ್ರೆ, ಬಿಸಿಲಿಗೆ ಹಾಕಿದ್ರೆ ಎಲ್ಲಾ ಹೋಯ್ತು."

ಎದುರು ಮನೆಯ ಮಕ್ಕಳು ಕತ್ತರಿಯಕ್ಕನ ಕಣ್ಣ ಮುಂದೆ ಬಂದರು. ಓಣಿಗೆಲ್ಲ ಕುದಿಸಿ ಕೊಟ್ಟದ್ದು ಇದೇ ಕೈ. ಮಗಳ ಪರದೆಯನ್ನಂತೂ ಹೆಚ್ಚು ಹೊತ್ತು ಕುದಿಸಿದ್ದಳು.

"ಕುದಿಸಬೇಡಿ ಅಂತ ಕವರ್ ಮೇಲೆ ಚಿತ್ರ ಸಮೇತ ಹಾಕಿತ್ತಲ್ಲಮ್ಮ," ಎಂದರು ಸಾಹೇಬರು.

"ಯಾವ ಕವರ್?"

ಪರದೆ ಹಂಚಿದ್ದ ಕೇಂದ್ರದ ನರ್ಸಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳು. ಕವರ್ ಸಮೇತ ಕೊಟ್ಟರೆ ಜನ ಸಂತೆಯಲ್ಲಿ ಮಾರಿಕೊಳ್ಳುತ್ತಾರೆ, ಹರಿದು ಬರೀ ಪರದೆ ಕೊಡಿ ಎಂದು ಮೇಲಿನಿಂದ ಆರ್ಡರ್ ಬಂದಿತ್ತು. ಕವರುಗಳನ್ನೆಲ್ಲ ಹಿತ್ತಲಲ್ಲಿ ಸುಟ್ಟಿದ್ದರು.

ಅಷ್ಟು ಹೊತ್ತು ತನ್ನ ಮೇಲೇ ತಿರುಗಿದ್ದ ಸಿಟ್ಟು ಈಗ ದಾರಿ ಕಂಡುಕೊಂಡಿತು. ಆದರೆ ಕತ್ತರಿಯಕ್ಕ ಕೂಗಲಿಲ್ಲ. ಅವಳು ಕೂಗದೇ ಇದ್ದಾಗಲೇ ಓಣಿಯವರಿಗೆ ಹೆದರಿಕೆ.

"ನಾವು ಕಳ್ಳರು ಅಂತ ಮೊದಲೇ ತೀರ್ಮಾನ ಮಾಡಿ ಬುದ್ಧಿಮಾತನ್ನ ಹಿತ್ತಲಲ್ಲಿ ಸುಟ್ಟಿರಿ. ಈಗ ದಡ್ಡರು ಅಂತ ಬೆಲೆ ಹಾಕ್ತಿದ್ದೀರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋರು ನೀವು. ಕುದಿಸಿದ್ದು ನನ್ನ ತಪ್ಪು, ನಾನು ಹೊರ್ತೀನಿ. ನಿಮ್ಮದನ್ನ ಯಾರು ಹೊರ್ತಾರೆ?"

ಸಾಹೇಬರು ಗಡಿಯಾರ ನೋಡಿಕೊಂಡರು. ಈ ಅಂಶವನ್ನು ಮೇಲಿನವರ ಗಮನಕ್ಕೆ ತರಲಾಗುವುದು, ಆದರೆ ಬೆಲೆಯ ವಿಷಯ ಈಗಾಗಲೇ ತೀರ್ಮಾನವಾಗಿದೆ, ಹೊಸ ಪರದೆ ಮಳೆ ಮುಗಿದ ಮೇಲೆ ಬರುತ್ತದೆ ಎಂದರು.

ಮಳೆ ಮುಗಿಯುವುದರೊಳಗೆ ಮಗಳ ಹೆರಿಗೆ.

ಕತ್ತರಿಯಕ್ಕ ಮೂಲೆಯ ಖಾಲಿ ಮಂಚದ ಬಳಿ ಹೋಗಿ ಸೊಂಟದಿಂದ ಕತ್ತರಿ ತೆಗೆದು ಪರದೆಯ ನಾಲ್ಕೂ ದಾರ ಕತ್ತರಿಸಿದಳು. ಔಷಧಿಯ ಘಾಟು ಗಪ್ಪೆಂದು ಮೂಗಿಗೆ ಬಡಿಯಿತು.

"ಅಕ್ಕಾ, ಅದು ತೋರಿಸೋಕೆ ಇಟ್ಟಿರೋದು," ಎಂದಳು ನರ್ಸಮ್ಮ ಗಾಬರಿಯಿಂದ.

"ತೋರಿಸಿ ಆಯ್ತಲ್ಲ," ಎಂದು ಪರದೆಯನ್ನು ಕಂಕುಳಲ್ಲಿ ಅವುಚಿಕೊಂಡು ಸಾಹೇಬರ ಎದುರಿಗೇ ನಡೆದು ಹೋದಳು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರನ ಮಗುವಿಗೂ ಜ್ವರ ಬಂದಿತ್ತು. ಅವನು ಬೇರೆ ಕಡೆ ನೋಡಿದ.

ಮನೆಯಲ್ಲಿ ಅದನ್ನು ಮಗಳೊಬ್ಬಳಿಗೇ ಕಟ್ಟಿದಳು. ನೀನೂ ಒಳಗೆ ಬಾರಮ್ಮಾ ಎಂದು ಮಗಳು ಕರೆದರೆ, ಒಂಟಿ ಮಂಚದವರ ಪರದೆ ಕಣೇ ಅದು, ಕಾಲು ತಾಗಿಸದೆ ಮಲಗು ಎಂದು ಗದರಿದಳು. ಪರದೆಯ ಹೊರಗೆ ಕುಳಿತು ತೋಳಿಗೆ ಕೂತ ಸೊಳ್ಳೆಗಳನ್ನು ಒಂದೊಂದಾಗಿ ಹೊಡೆದಳು, ಸಿಟ್ಟಿದ್ದವರ ಹೆಸರು ಹಿಡಿದು ಹೊಡೆದಂತೆ.